ಇಂಟರ್‌ವಲ್ ಎಲ್ಲಿ ಬಿತ್ತು?

ಸಿನೆಮಾ ನೋಡಿದ್ದೇನೆ ಎಂದು ಯಾರಾದರೂ ಹೇಳಿದರೆ ನಾನು ತಕ್ಷಣ ನಂಬುವವಳಲ್ಲ. “ಇಂಟರ್‌ವಲ್ ಎಲ್ಲಿ ಬಿತ್ತು?” ಎಂದು ಕೇಳುತ್ತೇನೆ. ಕಥೆಯನ್ನು ಪೇಪರಿನಲ್ಲಿ ಓದಿಕೊಂಡು ಹೇಳಬಹುದು, ಹಾಡನ್ನು ರೇಡಿಯೋದಲ್ಲಿ ಕೇಳಿಕೊಂಡು ಗುನುಗಬಹುದು. ಆದರೆ ಯಾವ ಮಾತು ಮುಗಿಯುತ್ತಲೇ ದೀಪ ಹತ್ತಿತು, ಶೇಂಗಾ ಮಾರುವವ ಒಳಗೆ ನುಗ್ಗಿದ ಎನ್ನುವುದು ಟಾಕೀಸಿನ ಬೆಂಚಿನ ಮೇಲೆ ಕೂತವರಿಗೆ ಮಾತ್ರ ಗೊತ್ತಿರುತ್ತದೆ.

ಈ ಪ್ರಶ್ನೆ ಹುಟ್ಟಿದ್ದು ಸಿದ್ದಾಪುರದ ಹೊಲಿಗೆ ಕ್ಲಾಸಿನಲ್ಲಿ, ತೊಂಬತ್ತರ ದಶಕದ ನಡುವೆ ಎಲ್ಲೋ. ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರು ನಾವು. ಶನಿವಾರ ಮ್ಯಾಟಿನಿ, ಸೋಮವಾರ ಅದರ ವಿಚಾರಣೆ. ಹೀರೋ ಅತ್ತದ್ದು ನಿಜವೋ ಗ್ಲಿಸರಿನ್ನೋ, ಹೀರೋಯಿನ್ನಿನ ರವಿಕೆಯ ತೋಳು ಯಾವ ಕಟಿಂಗು, ವಿಲನ್ನನ ಮನೆಯ ಪರದೆಯೇ ಹಿಂದಿನ ಸಿನೆಮಾದಲ್ಲಿ ಹೀರೋನ ಮನೆಗೂ ಇತ್ತಲ್ಲ, ಹೀಗೆ. ನೋಡದೆಯೇ ನೋಡಿದಂತೆ ಮಾತಾಡುವವರೂ ಇದ್ದರು. ಅವರನ್ನು ಹಿಡಿಯುವ ಕೆಲಸ ನನ್ನದು. ಬನವಾಸಿ ಕಡೆಯಿಂದ ಬಂದು ಸೋದರತ್ತೆಯ ಮನೆಯಲ್ಲಿದ್ದ ಗೆಳತಿಯೊಬ್ಬಳು ನನ್ನನ್ನು “ಪೊಲೀಸವ್ವಾ, ಬರ್ರಿ” ಎಂದೇ ಕರೆಯುತ್ತಿದ್ದಳು.

ಇಷ್ಟೆಲ್ಲ ಅನುಮಾನದವಳಿಗೆ ಒಂದು ವಿಷಯದಲ್ಲಿ ಮಾತ್ರ ಅನುಮಾನ ಬರಲಿಲ್ಲ. ಮ್ಯಾಟಿನಿ ಮುಗಿಯುವುದಕ್ಕೂ ನಮ್ಮ ಹಳ್ಳಿ ಕಡೆಯ ಕೊನೆಯ ಬಸ್ಸು ಸ್ಟ್ಯಾಂಡಿನಲ್ಲಿ ಉದ್ದಕ್ಕೆ ಹಾರನ್ ಹೊಡೆಯುವುದಕ್ಕೂ ಯಾವಾಗಲೂ ಸರಿಹೋಗುತ್ತಿತ್ತು. ಹಾರನ್ ಕೇಳುತ್ತಿದ್ದ ಹಾಗೆ ತೆರೆಯ ಮೇಲೆ ಎಲ್ಲರೂ ಒಟ್ಟಾಗಿ ನಗುತ್ತಿದ್ದರು, ‘ಶುಭಂ’ ಎಂದು ಬರುತ್ತಿತ್ತು, ಪಕ್ಕದಲ್ಲಿ ಕೆಂಪು ತಾವರೆಯ ಚಿತ್ರ. ನಾವು ಚಪ್ಪಲಿ ಹುಡುಕಿಕೊಂಡು ಓಡುತ್ತಿದ್ದೆವು. ದೇವರು ದೊಡ್ಡವನು ಎಂದುಕೊಂಡಿದ್ದೆವು.

ಸಿನೆಮಾಗಳು ಮೊದಲು ಶಿರಸಿಗೆ ಬಂದು, ಅಲ್ಲಿ ಮುಗಿದ ಮೇಲೆ ನಮ್ಮಲ್ಲಿಗೆ, ಆಮೇಲೆ ಯಲ್ಲಾಪುರಕ್ಕೆ ಹೋಗುತ್ತಿದ್ದವು. ಆ ವಾರ ನಮ್ಮಲ್ಲಿಗೆ ಬಂದದ್ದು ಒಬ್ಬ ಶಾಲಾ ಮಾಸ್ತರನ ಕಥೆ. ಶಾಲೆಯ ಬೆಳ್ಳಿಯ ದೀಪ ಕಳುವಾಗುತ್ತದೆ, ಊರಿನವರು ಮಾಸ್ತರನನ್ನು ಕಳ್ಳ ಎನ್ನುತ್ತಾರೆ, ಅವನು ಊರು ಬಿಟ್ಟು ಹೊರಡುತ್ತಾನೆ. ಅಷ್ಟರಲ್ಲಿ ನಿಜವಾದ ಕಳ್ಳ ಸಿಕ್ಕಿ ಊರಿಗೆ ಊರೇ ಬಸ್‌ಸ್ಟ್ಯಾಂಡಿಗೆ ಓಡಿ ಬರುತ್ತದೆ, ಮಾಸ್ತರನ ಕೊರಳಿಗೆ ಹಾರ ಹಾಕುತ್ತದೆ. ಶುಭಂ. ನಾನು ಬಸ್ಸಿನಲ್ಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಮಾರನೆಯ ದಿನ ನನ್ನನ್ನು ನೋಡಲು ಶಿರಸಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಅಲ್ಲಿ ಮಿಕ್ಸರು, ಫ್ಯಾನು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಅವಲಕ್ಕಿ, ಕಾಫಿ ಎಲ್ಲ ಆದ ಮೇಲೆ ನಮ್ಮಿಬ್ಬರನ್ನು ಜಗಲಿಯಲ್ಲಿ ಕೂರಿಸಿ ದೊಡ್ಡವರು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಅಪ್ಪನ ಕಿವಿ ಬಾಗಿಲಿನ ಹತ್ತಿರವೇ ಇತ್ತೆಂದು ನನಗೆ ಗೊತ್ತು.

“ಸಿನೆಮಾ ನೋಡ್ತ್ರಾ?” ಎಂದು ಎದುರಿಗೆ ಕೂತಿದ್ದ ಅವರು ಕೇಳಿದರು.

ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳದೆ ಸಿನೆಮಾದ ಬಗ್ಗೆ ಕೇಳಿದ್ದು ನನಗೆ ಹಿಡಿಸಿತು. ಹಿಡಿಸಿದ್ದನ್ನು ತೋರಿಸಿಕೊಳ್ಳದೆ, ಮಾಸ್ತರನ ಸಿನೆಮಾ ನಿನ್ನೆಯಷ್ಟೇ ನೋಡಿದೆ ಎಂದೆ.

“ಆನೂ ಸಿರ್ಸಿಲಿ ನೋಡಿದ್ದೆ. ರಾಶಿ ಚೊಲೋ ಇದ್ದು.”

“ಇಂಟರ್‌ವಲ್ ಎಲ್ಲಿ ಬಿತ್ತು?”

ಅವರು ನಕ್ಕರು. “ಮಾಸ್ತರನ ಟ್ರಂಕು ತೆಗೆಸಿ ನೋಡ್ತ್ವಲ, ಅಲ್ಲಿ.”

ಉತ್ತರ ಸರಿಯಾಗಿತ್ತು. ಒಪ್ಪಿಗೆಯಾಗುವ ಮನುಷ್ಯ ಎಂದು ಮನಸ್ಸು ಹೇಳುತ್ತಿರುವಾಗಲೇ ಅವರು ಮುಂದುವರಿಸಿದರು. “ಕೊನೆಗೆ ಮಾತ್ರ ಅಳು ತಡೆಯಲಾಜಿಲ್ಲೆ. ಊರವ್ವೆಲ್ಲ ಕರೆದ್ರೂ ಅಂವ ಹಾರ ತೆಗೆದು ಕಂಬಕ್ಕೆ ಹಾಕಿ, ಬಸ್ಸು ಹತ್ತಿ ಹೋಗೇಬಿಟ್ಟ.”

“ಎಲ್ಲಿ ಹೋದ? ಹಾರ ಹಾಕಿದ್ದೇ ಸಿನೆಮಾ ಮುಗ್ದೋತು. ಅಂವ ಎಲ್ಲಿಗೂ ಹೋಯ್ದ್ನೇ ಇಲ್ಲೆ.”

“ಹೋದ. ಆನೇ ಕಣ್ಣಾರೆ ನೋಡಿದ್ದೆ.”

“ಆನೂ ಕಣ್ಣು ಬಿಟ್ಕಂಡೇ ನೋಡಿದ್ದು.”

ಇಬ್ಬರ ದನಿಯೂ ಏರಿತು. ಒಳಗಿನ ಮಾತು ನಿಂತಿತು. ಅವರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಹೊಲಿಗೆ ಕ್ಲಾಸಿನಲ್ಲಿ ಸುಳ್ಳಿಯರನ್ನು ನಾನು ನೋಡುತ್ತಿದ್ದದ್ದು ಹಾಗೆಯೇ.

ಇಂಟರ್‌ವಲ್‌ಗೆ ಎದ್ದು ಹೋದ ಗಿರಾಕಿ ಇವರು, ಉಳಿದರ್ಧ ತಾವೇ ಕಟ್ಟಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಸೋಮವಾರ ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ನನ್ನ ಪರ. ಎಲ್ಲರೂ ಅದೇ ಮ್ಯಾಟಿನಿ ನೋಡಿದವರಲ್ಲವೇ? ಬನವಾಸಿಯ ಗೆಳತಿ ಕತ್ತರಿ ಕೆಳಗಿಟ್ಟು, “ಸಿನೆಮಾದಾಗ ಇಷ್ಟ ಸುಳ್ಳ ಹೇಳಾಂವ ಸಂಸಾರದಾಗ ಎಷ್ಟ ಹೇಳ್ಯಾನು? ಬ್ಯಾಡ ಬಿಡ್ರಿ” ಎಂದಳು. ಅಪ್ಪನೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. ನಾವು ಬೇಡ ಎಂದು ಹೇಳಿ ಕಳಿಸುವ ಮೊದಲೇ, ಸಂಬಂಧ ತಂದಿದ್ದ ಭಟ್ಟರು ಬಂದು ಕೂತರು.

“ಗಂಡಿನ ಕಡೆಯವ್ವು ಜಾತಕ ಇನ್ನೊಂದ್ಸಲ ನೋಡ್ತ್ಯ ಹೇಳಿ ಹೇಳ್ತಾ ಇದ್ದೊ,” ಎಂದು ಎಲೆಗೆ ಸುಣ್ಣ ಹಚ್ಚುತ್ತಾ ಅಂದರು. ಅಮ್ಮ ಒತ್ತಾಯ ಮಾಡಿ ಕೇಳಿದ ಮೇಲೆ ನಿಜ ಹೊರಬಿತ್ತು. “ಕೂಸು ನೋಡದ್ದೇ ನೋಡಿದ್ದೆ ಹೇಳ್ತಡ. ವಾದ ಬ್ಯಾರೆ ಮಾಡ್ತಡ. ಮಾಣಿಯ ಅಬ್ಬೆಗೆ ಸರಿ ಬೈಂದಿಲ್ಲೆ.”

ನನಗೆ ಮೈಯೆಲ್ಲ ಉರಿಯಿತು. ಸಂಬಂಧ ತಪ್ಪಿದ್ದಕ್ಕಲ್ಲ, ನೋಡದೆಯೇ ನೋಡಿದೆ ಎನ್ನುವ ಸುಳ್ಳಿ ಅನ್ನಿಸಿಕೊಂಡಿದ್ದಕ್ಕೆ. ಭಟ್ಟರ ಬಾಯಿಗೆ ಬಿದ್ದ ಮಾತು ವಾನಳ್ಳಿಯಿಂದ ಮಂಚಿಕೇರಿಯವರೆಗೆ ಎಲ್ಲ ಜಗಲಿಗಳಿಗೂ ಹೋಗುತ್ತದೆ. ಮುಂದೆ ಬರುವ ಗಂಡುಗಳೆಲ್ಲ ನನ್ನ ಮಾತನ್ನು ತೂಗಿ ನೋಡುತ್ತಾರೆ. ಅಳು ಬಂತು, ಅತ್ತುಬಿಟ್ಟೆ.

ಮುಂದಿನ ವಾರ ಯಲ್ಲಾಪುರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲಿನ ಟಾಕೀಸಿನ ಗೋಡೆಯ ಮೇಲೆ ಅದೇ ಮಾಸ್ತರನ ಪೋಸ್ಟರು. ನಾನು ನೋಡಿದ್ದೇ ಸರಿ ಎಂಬುದಕ್ಕೆ ಒಬ್ಬ ಸಾಕ್ಷಿ ಬೇಕಿತ್ತು, ಚಿಕ್ಕಮ್ಮನನ್ನು ಎಳೆದುಕೊಂಡು ಹೋದೆ. ಸಿನೆಮಾದ ಕೊನೆಗೆ ಊರಿನವರು ಓಡಿ ಬಂದರು, ಹಾರ ಹಾಕಿದರು. ನಾನು ಎದ್ದು ನಿಂತು ಸೆರಗು ಸರಿಮಾಡಿಕೊಂಡೆ.

“ಎಲ್ಲಿ ಹೊಂಟೆ? ಇನ್ನೂ ಇದ್ದು, ಕೂತ್ಕ,” ಎಂದು ಚಿಕ್ಕಮ್ಮ ಕೈ ಹಿಡಿದು ಎಳೆದಳು.

ತೆರೆಯ ಮೇಲೆ ಮಾಸ್ತರ ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಹಾರ ತೆಗೆದ. ಕಂಬಕ್ಕೆ ಹಾಕಿದ. ಬಸ್ಸು ಹತ್ತಿದ. ಊರಿನವರು ಚಿಕ್ಕದಾಗುತ್ತಾ ಹಿಂದೆ ಉಳಿದರು. ಕೊನೆಯಲ್ಲಿ ಶುಭಂ ಎಂದು ಬಂತು. ಅದರಲ್ಲಿ ತಾವರೆ ಇರಲಿಲ್ಲ. ಆಗ ನನಗೆ ನಮ್ಮೂರ ಬಸ್ಸಿನ ಹಾರನ್ ಕಿವಿಯಲ್ಲಿ ಹೊಡೆದಂತಾಯಿತು. ಹಳ್ಳಿಯ ಹೆಣ್ಣುಮಕ್ಕಳಿಗೆ ಬಸ್ಸು ತಪ್ಪಬಾರದೆಂದು ನಮ್ಮ ಟಾಕೀಸಿನವರು ಎಲ್ಲರೂ ನಗುವ ಜಾಗ ನೋಡಿ ಸಿನೆಮಾ ನಿಲ್ಲಿಸಿ, ತಮ್ಮದೇ ತಾವರೆಯ ಸ್ಲೈಡು ಹಾಕುತ್ತಿದ್ದರು! ರಾತ್ರಿಯ ಆಟ ನೋಡುವ ಗಂಡಸರಿಗೆ ಪೂರ್ತಿ ಕಥೆ ಗೊತ್ತಿತ್ತು. ಆದರೆ ಅವರು ನಮ್ಮ ಜೊತೆ ಸಿನೆಮಾದ ಮಾತಾಡಿದರೆ ತಾನೇ ಗೊತ್ತಾಗುವುದು?

ಮನೆಗೆ ಬಂದು ಹೇಳಿದರೆ ಅಪ್ಪ, “ಈಗ ಹೇಳಿ ಎಂತ ಪ್ರಯೋಜನ? ಆನಂತೂ ಹೇಳಿ ಕಳಿಸ್ತ್ನಿಲ್ಲೆ” ಎಂದು ಎಲೆ ಅಡಿಕೆಯ ಕವಳದ ತಟ್ಟೆ ಎಳೆದುಕೊಂಡರು.

ಮಿಕ್ಸರು ಕೆಟ್ಟಿದೆ ಎಂದು ಅಮ್ಮನಿಗೆ ಹೇಳಿ, ಅದನ್ನು ಚೀಲದಲ್ಲಿ ಹಾಕಿಕೊಂಡು ನಾನೇ ಶಿರಸಿಯ ಬಸ್ಸು ಹತ್ತಿದೆ. ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ಅವರು ಸ್ಕ್ರೂ ಡ್ರೈವರ್ ಹಿಡಿದವರು ಹಾಗೆಯೇ ನಿಂತರು.

“ಇದಕ್ಕೆ ಎಂತ ಆಯ್ದು?” ಎಂದು ಮಿಕ್ಸರನ್ನು ನೋಡಿ ಕೇಳಿದರು.

“ಎಂತದೂ ಆಜಿಲ್ಲೆ. ನಮ್ಮಲ್ಲಿ ಬಸ್ಸಿನ ಸಲುವಾಗಿ ಸಿನೆಮಾ ನಿಲ್ಲಿಸ್ತೊ. ಬೇಕಾದ್ರೆ ಒಂದ್ಸಲ ಬಂದು ನೋಡಿ.”

“ಬಂದು ನೋಡಿದ್ದೆ.”

“ಯಾವಾಗ?”

“ನಿಮ್ಮಲ್ಲಿಗೆ ಬಂದ ವಾರವೇ. ಅಂಗಡಿ ಮುಚ್ಚಿಕ್ಕಿ, ಮ್ಯಾಟಿನಿಗೆ.”

ನಂಬಿಬಿಡಬೇಕೆಂದು ಆಸೆಯಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. “ಶುಭಂ ಬಂದಾಗ ಎಂತ ಚಿತ್ರ ಇದ್ದಿತ್ತು?”

“ಕೆಂಪು ತಾವರೆ. ಒಂದು ಎಸಳಿಂದು ಬಣ್ಣ ಹೋಯ್ದು.”

“ಹಂಗಾರೆ ಯಾಕೆ ಹೇಳಿ ಕಳಿಸಿದ್ದಿಲ್ಲೆ?”

“ನೀವು ಸುಳ್ಳು ಹೇಳಿದ್ದಿಲ್ಲೆ ಹೇಳಿ ಎನಗೆ ಗೊತ್ತಾತು. ಆನು ಸುಳ್ಳು ಹೇಳಿದ್ದಿಲ್ಲೆ ಹೇಳಿ ನಿಮಗೆ ಎಂತ ತೋರ್ಸಲಾಗ್ತಿತ್ತು? ಸಿರ್ಸಿಯಿಂದ ಸಿನೆಮಾ ಹೋಗಿಯಾಗಿತ್ತು.”

ಈ ಉತ್ತರವನ್ನು ನಾನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದೆ. ಎಲ್ಲೂ ಬಿರುಕು ಕಾಣಲಿಲ್ಲ. ಯಲ್ಲಾಪುರದಲ್ಲಿ ನೋಡಿ ಬಂದೆ ಎಂದೆ. ಅವರು ಸ್ಕ್ರೂ ಡ್ರೈವರ್ ಕೆಳಗಿಟ್ಟು ಕೇಳಿದರು: “ಆ ಕೊನೆ ಹೆಂಗಾತು ನಿಮಗೆ?”

“ಚೂರೂ ಸರಿ ಇಲ್ಲೆ. ಅಂವ ಬಸ್ಸು ಇಳಿಯವಾಗಿತ್ತು.”

“ಒಂದ್ಸಲ ಕಳ್ಳ ಹೇಳಿದ ಊರಲ್ಲಿ ಮತ್ತೆ ಹೆಂಗೆ ಇಪ್ಪದು?”

“ತಪ್ಪು ಗೊತ್ತಾಗಿ, ಕರೆಯಲೆ ಹೇಳಿ ಅಷ್ಟು ದೂರ ಬಂದವರ ಮುಖ ನೋಡವೋ ಬ್ಯಾಡ್ದೋ?”

ಹೇಳಿ ಮುಗಿಸಿದ ಮೇಲೆ ನಾನು ಹೇಳಿದ್ದೇನೆಂದು ನನಗೇ ಕೇಳಿಸಿತು. ಅವರಿಗೂ ಕೇಳಿಸಿರಬೇಕು. ಕಿವಿಯವರೆಗೆ ಕೆಂಪಾದರು. ಮದುವೆಯಾಗಿ, ಸಿಡಿಗಳು ಬಂದು, ನಮ್ಮೂರ ಟಾಕೀಸಿಗೆ ಬೀಗ ಬಿದ್ದ ಮೇಲೂ ಈ ಜಗಳ ನಮ್ಮ ಮನೆಯಲ್ಲಿ ಮುಗಿದಿಲ್ಲ. ಅವರಿಗೆ ಶಿರಸಿಯ ಕೊನೆಯೇ ಸರಿ, ನನಗೆ ಸಿದ್ದಾಪುರದ್ದು.

ಆ ದಿನ ಅವರು ಮಿಕ್ಸರನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟು ಸ್ಟೂಲು ಮುಂದೆ ಮಾಡಿದರು. ಎದುರಿನ ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸು ಉದ್ದಕ್ಕೆ ಹಾರನ್ ಹೊಡೆಯಿತು. ನಾನು ಏಳಲಿಲ್ಲ.