ಒಡೆದ ತುಣುಕಿನ ಮೇಲ್ಮೈ

ಆಗ ನಾನು ಗದಗಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಪಿಎಚ್‌.ಡಿ.ಗೆ ಓದುತ್ತಿದ್ದೆ. ಲಕ್ಷ್ಮೇಶ್ವರದ ಗಂಡನ ಮನೆಯಿಂದ ದಿನಾಲೂ ಬಸ್ಸು. ನನ್ನ ವಿಷಯ ಕ್ವಾಸಿಕ್ರಿಸ್ಟಲ್: ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಬೆರೆಸಿ ಕರಗಿಸಿದ ಮಿಶ್ರಲೋಹ. ಅದರ ಪರಮಾಣುಗಳು ಶಿಸ್ತಾಗಿಯೇ ಕೂತಿರುತ್ತವೆ, ಆದರೆ ಒಂದೇ ಮಾದರಿ ನೆಲಹಾಸಿನ ಚೌಕಗಳ ಹಾಗೆ ಮತ್ತೆ ಮತ್ತೆ ಬರುವುದಿಲ್ಲ. ಆ ಲೋಹವನ್ನು ಕನ್ನಡಿಯಾಗುವಷ್ಟು ಉಜ್ಜಿ, ಧಾರವಾಡಕ್ಕೆ ಒಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಮೇಲ್ಮೈ ನೋಡಬೇಕಿತ್ತು.

ಹೋದಾಗಲೆಲ್ಲ ಪರದೆಯ ಮೇಲೆ ಕಂಡದ್ದು ಬರೀ ಗೀರುಗಳು. ಯಂತ್ರ ನಡೆಸುವವರು ಪಾಪ, ಮೆತ್ತಗೆ ಹೇಳುತ್ತಿದ್ದರು: “ಮೇಡಂ, ಇನ್ನೊಮ್ಮೆ ಪಾಲಿಶ್ ಮಾಡ್ಕೊಂಡ ಬರ್ರಿ.”

ಸಂಶೋಧನೆಯ ಅವಧಿ ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ತುಣುಕು. ಹೊಸದಾಗಿ ಎರಕ ಹೊಯ್ಯಿಸಿ ತರುವಷ್ಟು ಕಾಲವಿರಲಿಲ್ಲ. ಗಾಜಿನಂಥ ಪೆಡಸು ಲೋಹ ಅದು. ಉಜ್ಜುವಾಗ ನನ್ನ ಬೆರಳ ಕೆಳಗೇ ಟಕ್ಕನೆ ಒಡೆಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತು ಗಂಡನಿಗೆ ಫೋನು ಮಾಡಿದೆ. ಅವರು ಕಾಳಿನ ಅಂಗಡಿಯಲ್ಲಿದ್ದರು.

“ಒಡೀತ್ರಿ.”

“ಏನ್ ಒಡೀತು?”

“ಇದ್ದದ್ದೊಂದ ತುಣುಕು.”

“ಹೋಗ್ಲಿ, ಸಾಕು ಮಾಡಿಬಿಡು. ಅಳಬ್ಯಾಡ. ಜಲ್ದಿ ಮನಿಗೆ ಬಾ.”

ಸಮಾಧಾನದ ಮಾತೇ. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಮರುದಿನ ಯಾರಿಗೂ ಹೇಳದೆ ಒಡೆದ ಅರ್ಧವನ್ನೇ ಧಾರವಾಡಕ್ಕೆ ಒಯ್ದೆ.

“ಇಲ್ಲಿ ನೋಡ್ರಿ!” ಎಂದರು ಯಂತ್ರದವರು. ಒಡೆದ ಮೈಯೊಳಗೊಂದು ಪೊಳ್ಳು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು, ಪ್ರತಿ ಮುಖಕ್ಕೂ ಐದೈದು ಸಮನಾದ ಅಂಚು, ಮಾಮೂಲಿ ಹರಳಿಗೆ ಬಾರದ ಆಕಾರ. ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಅದರ ಚಿತ್ರ ತೆಗೆಸಿಕೊಂಡೆ.

ಆ ಚಿತ್ರ ಹಿಡಿದು ಮಾರ್ಗದರ್ಶಕರ ಬಳಿ ಓಡಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಚಲೋ ಬಂದೈತಿ. ಆದ್ರ ನಮ್ಮ ಕೆಲಸ ಪಾಲಿಶ್ ಮಾಡಿದ ಮೇಲ್ಮೈದ್ದು. ಇದೊಂದ ಚಿತ್ರದ ಮ್ಯಾಲೆ ಪ್ರಬಂಧ ನಿಲ್ಲೂದಿಲ್ಲವ್ವ.”

“ಇನ್ನೊಂದಿಷ್ಟು ಅವಧಿ ಕೊಡಸ್ರಿ ಸರ್. ಕೈ ಮುಗೀತೀನಿ.”

“ಕೊಡಸೂದೆಲ್ಲಾ ಕೊಡಿಸಿ ಆಗೇತಿ. ಇನ್ನ ನನ್ನ ಕೈಯಾಗ ಇಲ್ಲ.”

ಮತ್ತೂ ಬೇಡಿಕೊಂಡೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮುಂದೆ ಕೆಲವೇ ವಾರಗಳಲ್ಲಿ ನನ್ನ ಪಿಎಚ್‌.ಡಿ. ನೋಂದಣಿ ರದ್ದಾಯಿತು.

ಸುದ್ದಿ ತಿಳಿದ ಸಂಜೆ ಗಂಡ ಅಂಗಡಿ ಬಿಟ್ಟು ಗದಗಿನ ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ನನ್ನ ಚೀಲ ಇಸಿದುಕೊಂಡರು. ಲಕ್ಷ್ಮೇಶ್ವರದ ಬಸ್ಸಿನ ಕಡೆ ನಡೆದರು.

“ನಾಳಿ ಕಾಲೇಜು ಐತೇನು?” ಎಂದರು.

“ಐತಿ,” ಎಂದೆ.