ಹುರುಳಿ ಒಕ್ಕಿದ ದಿನದ ಮೀನೂಟ

ಸೈನ್ಯದ ಸಾರಿಗೆ ವಿಭಾಗದಲ್ಲಿ ಬಹಳ ವರ್ಷ ಲಾರಿಗಳ ಸಾಲು ನಡೆಸಿದವನು ನಾನು. ಎರಡು ಗಾಡಿಗಳ ನಡುವೆ ಎಷ್ಟು ಅಂತರವಿರಬೇಕು, ಯಾವ ತಿರುವಿನಲ್ಲಿ ಯಾರು ಕಾಯಬೇಕು ಎಂಬ ಚಿಂತೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ನಿವೃತ್ತನಾಗಿ ಹುಣಸೂರಿನಲ್ಲಿ ನೆಲೆಸಿದ ಮೇಲೆ ಆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ತಂಗಿಯ ಮಗ ಒಂದು ಸ್ಪೋರ್ಟ್ಸ್ ಕಾರು ಕೊಂಡು, ಅಂಥದೇ ಕಾರಿರುವವರ ಕ್ಲಬ್ಬಿಗೆ ಸೇರಿದ. ಅವರು ಆಗಾಗ ಸಾಲಾಗಿ ಎಲ್ಲಿಗಾದರೂ ಹೋಗಿ ಉಂಡು ಬರುತ್ತಾರೆ. ಹಿಂದಿನ ಸಲ ಅರ್ಧ ಜನ ದಾರಿ ತಪ್ಪಿ, ಉಳಿದವರು ಅವರಿಗಾಗಿ ಕಾದು, ಕೊನೆಗೆ ಜಗಳವಾಗಿತ್ತಂತೆ.

"ಮಾವ, ಈ ಸಲ ನೀವೇ ನಡೆಸ್ಕೊಡಿ. ನೀವು ಹೇಳಿದ್ರೆ ಕೇಳ್ತಾರೆ."

"ನನ್ ಮಂಡೀನೇ ನನ್ ಮಾತು ಕೇಳಲ್ಲ ಕಣೋ, ಅವರು ಕೇಳ್ತಾರಾ?"

ಹಾಗೆಂದರೂ ಒಪ್ಪಿಕೊಂಡೆ. ಬೇಡವೆಂದು ಮೂರು ಸಲ ಹೇಳುವುದಕ್ಕಿಂತ ಹೂಂ ಎನ್ನುವುದು ಸುಲಭವಾಗಿತ್ತು.

ಕೆ.ಆರ್. ನಗರದಲ್ಲಿ ಬೆಳಿಗ್ಗೆ ಎಲ್ಲರೂ ಸೇರುವುದು, ಅಲ್ಲಿಂದ ಹುಣಸೂರು, ಹನಗೋಡು, ವೀರನಹೊಸಹಳ್ಳಿಯ ಕಾಡಂಚು. ಆಮೇಲೆ ಹಳ್ಳಿ ರಸ್ತೆಗಳಲ್ಲಿ ಎಚ್.ಡಿ. ಕೋಟೆ ದಾಟಿ, ಕೇರಳದ ದಾರಿಯಲ್ಲಿರುವ ಒಬ್ಬ ಮಲಯಾಳಿಯ ಹೋಟೆಲು. ಅವನಿಗೆ ಪ್ರತಿದಿನ ಕಡಲ ಮೀನು ಘಟ್ಟ ಹತ್ತಿ ಬರುತ್ತದೆ. ಮಧ್ಯಾಹ್ನದ ಊಟಕ್ಕೆ ಹೇಳಿಟ್ಟಿದ್ದೆವು. ಒಂಬತ್ತು ಕಾರು ಮುಂದೆ. ನಾನು ಎಲ್ಲರ ಹಿಂದೆ, ನನ್ನ ಹಳೆಯ ಪಿಕಪ್ಪಿನಲ್ಲಿ ನೀರು, ಹಗ್ಗ, ಜಾಕು ಹೇರಿಕೊಂಡು.

ಅಷ್ಟು ವೇಗದ ಕಾರುಗಳು ಅಷ್ಟು ನಿಧಾನವಾಗಿ ಹೋಗಿದ್ದನ್ನು ನಾನು ನೋಡಿರಲಿಲ್ಲ. ಪ್ರತಿ ಊರಿಗೂ ಎರಡೆರಡು ಉಬ್ಬು. ಕಾರಿನ ಹೊಟ್ಟೆ ಉಜ್ಜದಂತೆ ಒಬ್ಬೊಬ್ಬರೇ ಓರೆಯಾಗಿ ಹತ್ತಿ ಇಳಿಸಬೇಕು. ಪ್ರತಿ ಸಲವೂ ನಾನು ಇಳಿದು, ಬಗ್ಗಿ, ಕೈ ತೋರಿಸಬೇಕು. ವೀರನಹೊಸಹಳ್ಳಿ ಕಳೆಯುವ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು. ಕಾಡು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ನಾನು ನೋಡಿದ್ದು ಅವರ ಕಾರಿನ ಹಿಂಭಾಗವನ್ನು ಮಾತ್ರ.

ಮುಂದಿನ ಹಳ್ಳಿಯಾಚೆ ಸಾಲು ನಿಂತುಬಿಟ್ಟಿತು. ರಸ್ತೆಯ ಉದ್ದಗಲಕ್ಕೂ ಮೊಳಕಾಲೆತ್ತರ ಹುರುಳಿ ಗಿಡ ಹರಡಿತ್ತು. ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ನಮ್ಮ ಕಡೆ ಹೀಗೆ ಹಾಸುತ್ತಾರೆ. ರಸ್ತೆ ಇರುವುದು ಓಡಾಟಕ್ಕೆ, ಒಕ್ಕಣೆಗಲ್ಲ ಎಂದು ನಾನು ಹಲವರನ್ನು ಗದರಿದ್ದೇನೆ. ಪಕ್ಕದಲ್ಲಿ ಒಂದು ಕಡೆ ಚರಂಡಿ, ಇನ್ನೊಂದು ಕಡೆ ಉತ್ತ ಹೊಲ. ಕವೆಗೋಲು ಹಿಡಿದ ಹೆಂಗಸೊಬ್ಬಳು ಮೊದಲ ಕಾರಿನವನನ್ನು ಕೈಬೀಸಿ ಕರೆಯುತ್ತಿದ್ದಳು. ಅವಳ ಗಂಡ ಸುಮ್ಮನೆ ಆಕಾಶ ನೋಡುತ್ತ ನಿಂತಿದ್ದ.

"ಯಾಕ್ ನಿಂತ್ರಿ? ಅತ್ಸಿ, ಮ್ಯಾಲೇ ಅತ್ಸಿ! ಬೆಳಿಗ್ಗೆ ಬಸ್ಸೂ ಬರ್ಲಿಲ್ಲ, ಟ್ರ್ಯಾಕ್ಟ್ರೂ ಬರ್ಲಿಲ್ಲ."

"ಆಗಲ್ಲ ಅಕ್ಕ, ತಳಕ್ಕೆ ಸುತ್ಕೊಂಡ್ರೆ ಬೆಂಕಿ ಹತ್ಕೊಳ್ತದೆ," ಎಂದ ತಂಗಿಯ ಮಗ.

ಅವಳು ಬಗ್ಗಿ ಕಾರಿನ ಅಡಿಯನ್ನು ನೋಡಿದಳು. "ಅಯ್ಯೋ, ಇದೇನ್ ಕಾರೋ ಕಪ್ಪೆಯೋ? ನೆಲಕ್ಕೇ ಅಂಟ್ಕಂಡದಲ್ಲ!"

ಕೆಂಪು ಕಾರಿನ ಯಜಮಾನರು ಮೈಸೂರಿನವರು. ಗಡಿಯಾರ ನೋಡುತ್ತ ನನ್ನ ಹತ್ತಿರ ಬಂದರು. "ಸರ್, ಪಕ್ಕಕ್ಕೆ ತಳ್ಳಿಸಿಬಿಡಿ. ಊಟಕ್ಕೆ ಲೇಟಾಗುತ್ತೆ."

ಅದು ಅವಳಿಗೆ ಕೇಳಿಸಿತು. "ತಳ್ಳಿ ಸ್ವಾಮಿ, ತಳ್ಬುಟ್ಟು ಓಗಿ. ಆ ಮೋಡ ನೋಡುದ್ರಾ? ನಮ್ಗೆ ವರ್ಸುಕ್ಕೆ ಇರೋದು ಇದೊಂದೇ ಬೆಳೆ."

"ಮೀನು ಮಾಡಿಸಿದೀವಮ್ಮ, ತಣ್ಣಗಾಗುತ್ತೆ."

"ಮೀನು ನೀರಲ್ಲೇ ಬೆಳ್ದಿದ್ದು, ಅದ್ಕೇನಾದದು? ಉಳ್ಳಿಕಾಳು ನೆಂದ್ರೆ ಮೊಳ್ಕೆ ಒಡೀತದೆ ಕಣಪ್ಪ."

ಎಚ್.ಡಿ. ಕೋಟೆಯ ಕಡೆಯಿಂದ ಕಪ್ಪಾದ ಮೋಡ ಏರುತ್ತಿತ್ತು. ಕೊಯ್ಲಿನ ಕಾಲದಲ್ಲಿ ಯಾರೂ ಕರೆಯದ ಮೋಡ. ನಮ್ಮೂರು ಮಿರ್ಲೆಯಲ್ಲಿ ಅವ್ವ ಕಣದಲ್ಲಿ ನಿಂತು ಇಂಥ ಮೋಡವನ್ನು ಬೈಯುತ್ತಿದ್ದದ್ದು ನೆನಪಾಯಿತು. ವಾದ ಮಾಡಲು ನನಗೆ ಶಕ್ತಿ ಉಳಿದಿರಲಿಲ್ಲ. ಗಾಡಿ ಓಡಿಸಲು ಒಂದಿಷ್ಟು ಉಳಿದಿತ್ತು.

ಕಾರುಗಳನ್ನೆಲ್ಲ ಎಡಕ್ಕೆ ಒತ್ತರಿಸಿ ನಿಲ್ಲಿಸಲು ಹೇಳಿ, ಒಂದು ಚಕ್ರವನ್ನು ಹೊಲದ ಮಣ್ಣಿಗೆ ಇಳಿಸಿಕೊಂಡು ಪಿಕಪ್ಪನ್ನು ಮುಂದಕ್ಕೆ ತಂದೆ. ಹುರುಳಿಯ ಮೇಲೆ ಹತ್ತಿಸಿದೆ. ಆ ತುದಿಯವರೆಗೆ ಹೋಗುವುದು, ರಿವರ್ಸ್ ಹಾಕಿ ಈ ತುದಿಗೆ ಬರುವುದು. ಹಿಂದೆ ತಿರುಗಿ ತಿರುಗಿ ಕತ್ತು ಕಲ್ಲಾಯಿತು. ನಾನು ದಾಟಿದ ಕೂಡಲೇ ಗಂಡಹೆಂಡಿರು ಗಿಡವನ್ನು ಮಗುಚಬೇಕು, ಇಬ್ಬರಿಂದ ಆಗುತ್ತಿರಲಿಲ್ಲ. ಕಿಟಕಿಯಿಂದಲೇ ಕೂಗಿದೆ: "ಸುಮ್ನೆ ನಿಂತೋರು ಯಾರೂ ಬೇಡ. ನಾಲ್ಕು ಜನ ಬಲಗಡೆ, ಐದು ಜನ ಎಡಗಡೆ. ನಾನು ದಾಟಿದ ಮೇಲೆ ಇಳೀರಿ, ಮೊದಲು ಬೇಡ."

ಇಳಿದರು. ಬಿಳಿ ಶೂ, ಕಪ್ಪು ಕನ್ನಡಕ. ಧೂಳಿಗೆ ಮೈಯೆಲ್ಲ ನವೆ.

"ಅಂಗಲ್ಲ ಕಣ್ರೀ, ಹಾಸ್ಗೆ ಮಡ್ಚದಂಗೆ ಮಡುಸ್ತೀರಲ್ಲ!" ಎಂದು ಅವಳು ಬೈದಳು. "ಕೊಡುವಿ, ಒದ್ರಿ!" ಕೆಂಪು ಕಾರಿನವರು ಕೊಡವಿದರು.

ನಡುವೆ ಹೋಟೆಲಿನವನ ಫೋನು. "ಸಾರೇ, ಎಲ್ಲಿದೀರಾ? ಮಸಾಲೆ ಹಚ್ಚಿ ಇಟ್ಟಿದ್ದೇನೆ. ಹುರಿಯಬೇಕಾ, ಬೇಡವಾ?"

"ಹುರೀಬೇಡಪ್ಪ. ಒಕ್ಕಣೆ ಮಾಡ್ತಿದೀವಿ," ಎಂದೆ. ಅವನಿಗೆ ಏನು ಅರ್ಥವಾಯಿತೋ, ಫೋನು ಇಟ್ಟ.

ಮೊದಲ ಹನಿ ಗಾಜಿನ ಮೇಲೆ ಬಿದ್ದಾಗ ಮುಕ್ಕಾಲು ಪಾಲು ಉದುರಿತ್ತು. ಉಳಿದದ್ದನ್ನು ರಸ್ತೆಯಂಚಿಗೆ ತಳ್ಳಿ ಬಿಟ್ಟುಬಿಡಿ ಎಂದೆ. ಕಾಳು ಹೊಟ್ಟು ಎಲ್ಲವನ್ನೂ ಒಟ್ಟಿಗೆ ಗುಡಿಸಿ, ತುಸು ಆಚೆ ರಸ್ತೆ ಬದಿಯಲ್ಲೇ ಇದ್ದ ಅವರ ಮನೆ ಮುಂದೆ ಗುಡ್ಡೆ ಹಾಕಿದರು. ಅವರ ಟಾರ್ಪಾಲು ಅರ್ಧ ಗುಡ್ಡೆಗೂ ಸಾಲಲಿಲ್ಲ. ತಂಗಿಯ ಮಗನಿಗೆ ಡಿಕ್ಕಿಯಲ್ಲಿದ್ದ ಕಾರಿನ ಹೊದಿಕೆ ತೆಗೆಯಲು ಹೇಳಿದೆ. ಅವನು ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ತಂದ. ನಾಲ್ಕು ಮೂಲೆಗೂ ಕಲ್ಲಿಟ್ಟೆವು. ಮಳೆ ಜೋರಾಯಿತು.

ಹೋಟೆಲು ಮುಟ್ಟಿದಾಗ ಸಂಜೆಯಾಗುತ್ತಿತ್ತು. ಸೀಗಡಿ ಬೇರೆಯವರಿಗೆ ಹೋಗಿತ್ತು. ಬಂಗುಡೆ ಹುರಿದು ಕೊಟ್ಟ. ಸಾರಿನಲ್ಲಿ ಎರಡೆರಡು ತುಂಡು ಅಂಜಲ್ ಮೀನು. ಯಾರೂ ಫೋಟೋ ತೆಗೆಯಲಿಲ್ಲ. ಹುರುಳಿ ಗಿಡ ಗೀರಿದ ಬೆರಳುಗಳಿಗೆ ಮಸಾಲೆಯ ಖಾರ ತಗುಲಿ ಎಲ್ಲರೂ ಸೊರ್ರೆಂದು ಉಸಿರೆಳೆದುಕೊಳ್ಳುತ್ತ ಉಂಡರು. ಒಬ್ಬರಂತೂ ಚಮಚ ಕೇಳಿದರು. ಕೆಂಪು ಕಾರಿನವರು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು. ಮೀನು ಚೆನ್ನಾಗಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಅಷ್ಟು ಹೊತ್ತೂ ಗಾಳಿಗೆ ಆ ಹೊದಿಕೆ ಹಾರಿತೇನೋ ಎಂದು ಯೋಚಿಸುತ್ತಿದ್ದೆ.

ಅವರನ್ನೆಲ್ಲ ಮೈಸೂರಿನ ದೊಡ್ಡ ರಸ್ತೆಗೆ ಹಚ್ಚಿ, ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ. ಮಳೆ ನಿಂತಿತ್ತು. ಅವರ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಇಳಿಯಲು ಕಾಲು ಬರಲಿಲ್ಲ. ಸದ್ದು ಕೇಳಿ ಅವಳೇ ಹೊರಗೆ ಬಂದಳು.

"ಅಡೀಲಿ ಒಸಿ ನೆಂದದೆ. ರೋಡಲ್ ಬುಟ್ಟಿದ್ದು ಓಯ್ತು. ಒಳಗ್ಲುದು ನೀವೇ ನೋಡಿ."

ಹೊದಿಕೆಯೆತ್ತಿ, ಗುಡ್ಡೆಯೊಳಕ್ಕೆ ಮೊಳಕೈವರೆಗೆ ತೋಳು ತೂರಿಸಿ, ಒಂದು ಹಿಡಿ ತಂದು ಕಿಟಕಿಯಲ್ಲಿ ನನ್ನ ಅಂಗೈಗೆ ಹಾಕಿದಳು. ಕಚ್ಚಿ ನೋಡುವ ಹಲ್ಲು ನನಗಿಲ್ಲ. ಒಂದು ಕಾಳನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದೆ. ಉಗುರು ಇಳಿಯಲಿಲ್ಲ.

"ಒಣಗೇ ಅದೆ," ಎಂದೆ.

"ಹೂಂ," ಎಂದಳು. "ಕಾಪಿ ಕುಡ್ಕಂಡ್ ಓಗಿ."

"ಬೇಡವ್ವ. ಕೂತ್ರೆ ಏಳಕ್ಕಾಗಲ್ಲ." ಕಾಳನ್ನು ಅವಳ ಕೈಗೇ ಹಿಂದಿರುಗಿಸಿ, ಗೇರು ಹಾಕಿದೆ.