ಲೋರ್ನಕ್ಕನ ಬೆಚ್ಚಗಿನ ಅಂಗೈ

ಯಾರನ್ನೇ ಮುಟ್ಟುವ ಮೊದಲು ಲೋರ್ನಕ್ಕ ಎರಡೂ ಅಂಗೈಗಳನ್ನು ಪರಪರನೆ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಸಾಕಷ್ಟು ಬೆಚ್ಚಗಾಯಿತೇ ಎಂದು ತಮ್ಮ ಕೆನ್ನೆಗೇ ಒತ್ತಿ ನೋಡಿಕೊಂಡು ಆಮೇಲೆ ಬಾಗಿಲು ತಟ್ಟುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ನಮ್ಮ ವೃದ್ಧಾಶ್ರಮದ ಅಜ್ಜಿಯರಿಗೆ ಆ ಉಜ್ಜುವ ಸದ್ದಿನಿಂದಲೇ ಗೊತ್ತಾಗುತ್ತಿತ್ತು, ಬಂದವರು ಯಾರೆಂದು.

ಅವರು ಫಿಲಿಪೀನ್ಸ್‌ನವರು. ಲೋರ್ನಾಗೆ ಅಕ್ಕ ಸೇರಿಸಿದವಳು ನಾನು. ನನ್ನ ಮಗಳು ದೊಡ್ಡವಳಾದಳು, ಇನ್ನು ನಾನೂ ದುಡಿಯೋಣವೆಂದು ಆ ವೃದ್ಧಾಶ್ರಮಕ್ಕೆ ಕೆಲವು ದಿನಗಳ ಪರೀಕ್ಷೆಯ ಮೇಲೆ ಸೇರಿದ್ದೆ. ಸ್ನಾನ ಮಾಡಿಸಲು ಬರದವರನ್ನು ಇಟ್ಟುಕೊಳ್ಳುವುದಿಲ್ಲವೆಂದು ಮೊದಲೇ ಹೇಳಿದ್ದರು. ನನ್ನ ಪಾಲಿಗೆ ಬಂದದ್ದು ನೀರೆಂದರೆ ಆಗದ ಬಿರ್ಗಿತ್ತಾ ಅಜ್ಜಿ. ಮೊದಲ ದಿನವೇ ಒದ್ದೆ ಸ್ಪಂಜು ನನ್ನ ಮುಖಕ್ಕೆ ಬಂದು ಬಿತ್ತು.

ಫೀಕಾ ಎನ್ನುವ ಕಾಫಿ ಬಿಡುವಿನ ಹೊತ್ತಿಗೆ, ಲೋಟದ ಮುಂದೆ ಸಪ್ಪಗೆ ಕೂತಿದ್ದೆ.

"ಏನಂದೆ ಅವರಿಗೆ?" ಎಂದರು ಲೋರ್ನಕ್ಕ.

"ಸ್ವೀಡಿಷ್ ತೋಚಲಿಲ್ಲ. ವಾಷ್ ಅಂದೆ."

"ಯಾವ ವಾಷ್? ನಮ್ಮಲ್ಲಿ ಕೈಗಾದ್ರೆ ಹುಗಾಸ್, ಮುಖಕ್ಕೆ ಹಿಲಾಮೋಸ್, ಮೈಗೆ ಲೀಗೋ, ಬಟ್ಟೆಗೆ ಲಾಬಾ. ನೀನು ಎಲ್ಲಾ ಒಟ್ಟಿಗೇ ಹೇಳಿದ್ರೆ, ಪಾಪ, ಮೆಷಿನ್‌ಗೆ ಹಾಕಿ ತಿರುಗಿಸ್ತಾಳೆ ಅಂದ್ಕೊಂಡ್ರೇನೋ. ಹುಗಾಸ್‌ನಿಂದ ಶುರು ಮಾಡು."

"ನಮ್ಮಲ್ಲೂ ಹಾಗೇ ಅಕ್ಕ. ಕೈ ತೊಳೀತೀವಿ, ಬಟ್ಟೆ ಒಗೀತೀವಿ, ಪಾತ್ರೆ ಬೆಳಗ್ತೀವಿ, ಮಗೂಗೆ ಎರೀತೀವಿ."

"ಎರೀತೀವಿ ಅಂದ್ರೆ?"

ಹೇಳುವುದಕ್ಕಿಂತ ತೋರಿಸುವುದೇ ಸುಲಭವೆನಿಸಿತು. ನೆಲದ ಮೇಲೆ ಕಾಲು ನೀಡಿ ಕೂತೆ. ಟವೆಲ್ ಸುತ್ತಿ ಮಗು ಮಾಡಿ ಕಾಲ ಮೇಲೆ ಮಲಗಿಸಿಕೊಂಡು, ಇಲ್ಲದ ಎಣ್ಣೆ ತಿಕ್ಕಿ, ಖಾಲಿ ಲೋಟದಿಂದ ನೀರು ಹುಯ್ದೆ. ಸ್ವೀಡಿಷ್ ಸಹೋದ್ಯೋಗಿಗಳು ಕೈಯಲ್ಲಿದ್ದ ಬನ್ನು ತಟ್ಟೆಗಿಟ್ಟು ನೋಡಿದರು. ಲೋರ್ನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಣ್ಣೆ ಯಾಕೆ ಮೊದಲು?"

"ಎಣ್ಣೆ ಹಚ್ಚಿಸ್ಕೊಂಡ ಮೇಲೆ ಸ್ನಾನ ಬೇಡ ಅನ್ನೋರು ಯಾರಿದ್ದಾರೆ ಅಕ್ಕ?"

ಅವರ ನಗು ನಿಂತಿತು. "ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?"

ಮರುದಿನ ಲೋರ್ನಕ್ಕನೇ ನರ್ಸನ್ನು ಒಪ್ಪಿಸಿ, ಮನೆಯಿಂದ ಕೊಬ್ಬರಿ ಎಣ್ಣೆಯನ್ನೂ ತಂದರು. ನಾನು ಅಂಗೈ ಉಜ್ಜಿಕೊಂಡು ಒಳಗೆ ಹೋದೆ. ಮೊದಲು ಅಜ್ಜಿಯ ಕೈ, ಆಮೇಲೆ ಮುಖ, ಕೊನೆಗೆ ನೆತ್ತಿಗೆ ಎಣ್ಣೆ. ನಾನು ತಟ್ಟುತ್ತಿದ್ದಂತೆ ಅವರ ಕಣ್ಣು ಮುಚ್ಚಿಕೊಂಡವು. ಸ್ವಲ್ಪ ಹೊತ್ತಿಗೆ ಕೂದಲು ಮುಟ್ಟಿ, ಬೆರಳು ನೋಡಿಕೊಂಡು ಗದರಿದರು: "ಇದನ್ನ ಹೀಗೇ ಬಿಟ್ಟು ಹೋಗ್ತೀಯಾ?" ಎಂದವರೇ ಎದ್ದು, ಗಾಲಿಯ ವಾಕರ್ ತಳ್ಳಿಕೊಂಡು ಬಚ್ಚಲಿಗೆ ಹೊರಟರು. ಬಾಗಿಲಾಚೆ ಲೋರ್ನಕ್ಕ ಟವೆಲ್ ಹಿಡಿದು ಸದ್ದಿಲ್ಲದೆ ಕುಣಿಯುತ್ತಿದ್ದರು.

ನೌಕರಿ ಗಟ್ಟಿಯಾಯಿತು.

ಹೋದ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಲೋರ್ನಕ್ಕ ಕಾರ್ಲ್‌ಸ್ಟಾಡ್ ಊರಿಗೆ ಹೋದವರು ಅಲ್ಲೇ ನಿಂತರು. ಟ್ರಾಮ್ ಸ್ಟಾಪಿನಲ್ಲಿ ಕೈಗವಸು ತೆಗೆದು, ಅಂಗೈ ಉಜ್ಜಿ, ನನ್ನ ಎರಡೂ ಕೆನ್ನೆಗೆ ಒತ್ತಿದ್ದೇ ಕೊನೆಯ ಭೇಟಿ.

ಮೊನ್ನೆ ಕೆಲಸದ ನಡುವೆ ಒಂದು ವಿಡಿಯೋ ಬಂತು. ಬಚ್ಚಲ ನೆಲದ ಮೇಲೆ ಲೋರ್ನಕ್ಕ ಕಾಲು ನೀಡಿ ಕೂತಿದ್ದಾರೆ, ಕಾಲ ಮೇಲೆ ಮೊಮ್ಮಗು. ಟಬ್ ಇರುವುದು ಯಾಕಮ್ಮಾ ಎಂದು ಮಗಳು ಸ್ವೀಡಿಷ್‌ನಲ್ಲಿ ಗೊಣಗುತ್ತಿದ್ದಾಳೆ. "ಸುಮಾ, ಎರೀತೀವಿ," ಎಂದು ಲೋರ್ನಕ್ಕ ನನ್ನ ಮಾತನ್ನೇ ನನಗೆ ಹೇಳಿ ನೀರು ಹುಯ್ದರು.

ಫೋನು ಜೇಬಿಗಿಟ್ಟು ಬಿರ್ಗಿತ್ತಾ ಅಜ್ಜಿಯ ಬಾಗಿಲ ಮುಂದೆ ಅಂಗೈ ಉಜ್ಜಿಕೊಂಡೆ. ತಟ್ಟುವ ಮೊದಲೇ ಒಳಗಿನಿಂದ ದನಿ ಬಂತು.

"ಎಣ್ಣೆ ತಂದಿದ್ದೀಯಾ?"